ಜೋಡು ಬಿಚ್ಚಬಾರದು

ಒಂದು ಹಿಡಿ ಊಲಾ ಹುಲ್ಲನ್ನು ಕಲ್ಲಿನ ಮೇಲೆ ಮಗುಚಿ ಹಾಕಿ ಮತ್ತೆ ಕೊಡತಿ ಎತ್ತಿದ್ದೆ, ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಮೆತ್ತಗೆ ಕಣೇ! ಹುಲ್ಲು ಬಡೀತಿದ್ದೀಯೋ, ಗಂಡನ ಮೇಲಿನ ಸಿಟ್ಟು ತೀರಿಸ್ಕೊಳ್ತಿದ್ದೀಯೋ?"

ಸಿಟ್ಟು ಮಾಡಲು ಗಂಡ ಮನೆಯಲ್ಲಿದ್ದರಲ್ಲವೇ? ಸೈನ್ಯಕ್ಕೆ ಕಾಳು ಸಾಗಿಸುವ ಜಾರುಬಂಡಿ ಹೊಡೆದುಕೊಂಡು ಹೋದವನು ತಿಂಗಳಾದರೂ ತಿರುಗಿ ಬಂದಿರಲಿಲ್ಲ. ನಾನು ಬಡಿಯುತ್ತಲೇ ಇದ್ದೆ. ಊಲಾ ಹುಲ್ಲು ಬಡಿಯದಿದ್ದರೆ ಕಡ್ಡಿಯಾಗಿಯೇ ಇರುತ್ತದೆ, ಹದವಾಗಿ ಬಡಿದರೆ ಹತ್ತಿಯಂತಾಗುತ್ತದೆ. ಹಸುವಿನ ಚರ್ಮದ ಜೋಡಿನೊಳಗೆ ಅದನ್ನು ಹಕ್ಕಿಗೂಡಿನಂತೆ ಸುತ್ತಿ ಕಾಲಿಟ್ಟರೆ, ಉಗುಳಿದ್ದು ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಗುವ ನಮ್ಮ ಮೋಪಾನ್ ಹಳ್ಳಿಯ ಚಳಿಯಲ್ಲೂ ಪಾದ ಬೆಚ್ಚಗಿರುತ್ತದೆ. ಆದರೆ ನಡೆದು ಬಂದ ಮೇಲೆ ಜೋಡು ಬಿಚ್ಚಿ, ಬೆವರು ಕುಡಿದ ಹುಲ್ಲನ್ನು ತೆಗೆದು, ಒಲೆಯ ಮೇಲೆ ನೇತುಹಾಕಿ ಒಣಗಿಸಲೇಬೇಕು. ಇಲ್ಲದಿದ್ದರೆ ಅದು ಜೋಡಿನೊಳಗೇ ಮಂಜುಗಡ್ಡೆಯಾಗುತ್ತದೆ. ಇದು ನಮ್ಮೂರ ಮಕ್ಕಳಿಗೆ ಹುಟ್ಟಿನಿಂದ ಗೊತ್ತು. ಇಷ್ಟು ಚಳಿಯಿಲ್ಲದ ದಕ್ಷಿಣದ ಶಾನ್‌ದೊಂಗ್ ಕಡೆಯಿಂದ ಹಡಗು ಹತ್ತಿ ಬಂದಿದ್ದ ಸೈನಿಕರಿಗೂ ಹೋದ ವರ್ಷ ಒಂದಿಷ್ಟು ಕಾಲ್ಬೆರಳು ಕಳೆದುಕೊಂಡ ಮೇಲೆ ಗೊತ್ತಾಗಿತ್ತು.

ಜಪಾನಿನವರು ಸೋತು ಹೋದ ಮೇಲಿನ ಎರಡನೆಯ ಚಳಿಗಾಲ ಅದು. ಪರದೇಶದವರು ತೊಲಗಿದರು, ಇನ್ನು ನವಣೆ ಬಿತ್ತಿಕೊಂಡು ಇರಬಹುದು ಎಂದುಕೊಂಡಿದ್ದೆವು. ಈಗ ನಮ್ಮ ನಮ್ಮವರೇ ಹೊಡೆದಾಡುತ್ತಿದ್ದರು. ಸೊಂಗ್‌ಹುವಾ ಹೊಳೆಯ ಆಚೆ ಸರ್ಕಾರದ ಸೈನ್ಯ, ಈಚೆ ನಮ್ಮ ಬಂಡಾಯದವರು. ಬೇಸಿಗೆಯಲ್ಲಾದರೆ ನಡುವೆ ನೀರಿರುತ್ತದೆ. ಹೊಳೆ ಹೆಪ್ಪುಗಟ್ಟಿತೆಂದರೆ ಫಿರಂಗಿಯನ್ನೂ ಎಳೆದುಕೊಂಡು ನಡೆದು ದಾಟಬಹುದು. ಹಾಗಾಗಿ ಚಳಿ ಹೆಚ್ಚಿದಷ್ಟೂ ಯುದ್ಧ ಹೆಚ್ಚುತ್ತಿತ್ತು.

ಲುವಾನ್ ದೆಷಾನ್ ಎಂಬುವನ ಕಂಪನಿಯನ್ನು ನಮ್ಮ ಹಳ್ಳಿಯ ಮನೆಗಳಿಗೆ ಹಂಚಿದ್ದರು. ಲುವಾನ್ ಕೆಲವು ಹುಡುಗರ ಜೊತೆ ನಮ್ಮ ಮನೆಯಲ್ಲೇ ಇದ್ದ. ಸಣಕಲು ಆಳು, ಮಾತು ಕಡಿಮೆ. ಮಾತೆಲ್ಲ ಅವನ ಮೆಷಿನ್‌ಗನ್ನಿನವನಾದ ಚೂ ಫುಯಿನನ ಪಾಲಿಗೆ ಹೋಗಿತ್ತು. ಊಟಕ್ಕೆ ಏನು ಕೊಟ್ಟರೂ ಹಸಿ ಬೆಳ್ಳುಳ್ಳಿ ಕಚ್ಚಿಕೊಂಡೇ ತಿನ್ನುತ್ತಿದ್ದುದರಿಂದ ಎಲ್ಲರೂ ಅವನನ್ನು ಬೆಳ್ಳುಳ್ಳಿ ಚೂ ಎನ್ನುತ್ತಿದ್ದರು.

ಆ ಬೆಳಿಗ್ಗೆ ಅವರೆಲ್ಲ ಇರುಳಿಡೀ ನಡೆದು ಬಂದು ಕಾಂಗ್ ಜಗಲಿಯ ಮೇಲೆ, ಕೆಳಗಿನ ಬೆಂಕಿಯ ಬಿಸಿಗೆ, ಸಾಲಾಗಿ ಬಿದ್ದುಕೊಂಡಿದ್ದರು. ಬರಿಗಾಲುಗಳು ಗೋಡೆಯ ಕಡೆ. ತಲೆಯ ಮೇಲಿನ ಹಗ್ಗದ ತುಂಬ ಹುಲ್ಲು. ನಾನು ಹೊಸದಾಗಿ ಬಡಿದ ಹುಲ್ಲು ತಂದು ಹಾಕಿದಾಗ ಚೂ ಒಂದು ಎಳೆಯನ್ನು ಮೂಸಿ ನೋಡಿದ.

"ದೊಡ್ಡಮ್ಮಾ, ಇದನ್ನ ನಮ್ಮೂರ ಕತ್ತೇನೂ ಮೂಸಲ್ಲ. ಇಲ್ಲಿ ನಾನು ಕಾಲಿಗೆ ರೇಷ್ಮೆ ಥರ ಸುತ್ಕೋತಿದ್ದೀನಿ."

"ಕತ್ತೆಗೆ ಬುದ್ಧಿ ಇದೆಯಪ್ಪಾ, ಅದಕ್ಕೇ ಅದು ನಿಮ್ಮೂರಲ್ಲೇ ಉಳ್ಕೊಂತು," ಎಂದರು ಅತ್ತೆ.

ಹುಡುಗರೆಲ್ಲ ನಕ್ಕರು. ಚೂ ಎಲ್ಲರಿಗಿಂತ ಜೋರಾಗಿ ನಕ್ಕ. "ನಮ್ಮನೇಲಿ ಕತ್ತೆಯೂ ಇಲ್ಲ, ಎತ್ತೂ ಇಲ್ಲ ದೊಡ್ಡಮ್ಮ. ನೇಗಿಲಿಗೆ ನಾನೇ ಹೆಗಲು ಕೊಡ್ತಿದ್ದೆ, ಅವ್ವ ಹಿಂದಿನಿಂದ ಹಿಡ್ಕೋತಿದ್ಲು. ಈಗ ಪರವಾಗಿಲ್ಲ. ಮಗ ಸೈನ್ಯದಲ್ಲಿದ್ದಾನೆ ಅಂತ ಊರಿನವರೇ ಸರದಿ ಮೇಲೆ ಬಂದು ಉತ್ತು ಕೊಡ್ತಾರೆ. ನನಗಿಂತ ನೆಟ್ಟಗೆ ಉಳ್ತಾರೆ ಅಂತ ಅವ್ವ ಹೇಳಿ ಕಳ್ಸಿದ್ದಾಳೆ, ನೋಡಿ!"

ಆ ನಗು ಮುಗಿಯುವ ಮೊದಲೇ ಬಾಗಿಲಿನ ದಪ್ಪ ಪರದೆ ಸರಿದು ಗೊಂಗ್ ಒಳಗೆ ಬಂದ.

ಗೊಂಗ್ ರೆಜಿಮೆಂಟಿನ ಕಮಾಂಡರ್. ಸೈನ್ಯಕ್ಕೆ ಸೇರುವ ಮೊದಲು ಕಮ್ಮಾರನಾಗಿದ್ದನಂತೆ, ಕೈಗಳು ಸಲಿಕೆಯಷ್ಟಗಲ. ಅವನಿಗಾಗಿ ಬೇರೆ ಅಡುಗೆ ಮಾಡಿದರೆ ಬೈಯುತ್ತಿದ್ದ. ಕುದುರೆಯ ಮೇಲೆ ಕಾಯಿಲೆಯವರನ್ನು ಕೂರಿಸಿ ತಾನು ನಡೆಯುತ್ತಿದ್ದ. ಇದನ್ನು ಹೇಳದೆ ಅವನ ತಪ್ಪನ್ನಷ್ಟೇ ಹೇಳಿದರೆ ಅನ್ಯಾಯವಾದೀತು, ಹಾಗಾಗಿ ಹೇಳುತ್ತಿದ್ದೇನೆ. ಹೇಳಿದರೂ ನನ್ನ ಸಿಟ್ಟೇನೂ ಕಡಿಮೆಯಾಗುವುದಿಲ್ಲ.

ಅವನು ಹಗ್ಗದ ಮೇಲಿನ ಹುಲ್ಲು ನೋಡಿದ. ಸಾಲಾಗಿದ್ದ ಬರಿಗಾಲುಗಳನ್ನು ನೋಡಿದ.

"ಇದೇನು, ಸೈನ್ಯವೋ ಬಾಣಂತಿ ಕೋಣೆಯೋ?"

ಹುಡುಗರು ದಡಬಡ ಎದ್ದು ಕುಳಿತರು. ಲುವಾನ್ ಮಾತ್ರ ನಿಧಾನವಾಗಿ ಇಳಿದು ಬರಿಗಾಲಲ್ಲೇ ಅವನ ಮುಂದೆ ನಿಂತ.

"ಹುಲ್ಲು ಒಣಗಿಸ್ತಿದ್ದೀವಿ ಕಮಾಂಡರೇ."

"ನನ್ನ ಆದೇಶ ಏನು?"

"ಹೊಳೆ ದಡದಲ್ಲಿ ಇರೋವರೆಗೂ ಯಾರೂ ಜೋಡು ಬಿಚ್ಚಬಾರದು, ಮಲಗಿದಾಗಲೂ ಬಿಚ್ಚಬಾರದು ಅಂತ."

"ಗೊತ್ತಿದ್ದೂ ಬಿಚ್ಚಿದ್ದೀಯ."

"ಆದೇಶ ನಿಮ್ಮದು, ಕಾಲು ಇವರದು. ಒದ್ದೆ ಹುಲ್ಲಿನಲ್ಲಿ ಇನ್ನೊಂದು ಸಲ ಹಿಮದಲ್ಲಿ ನಿಲ್ಸಿದ್ರೆ ಯುದ್ಧ ಮಾಡೋಕೆ ಇವರಿಗೆ ಕಾಲೇ ಇರಲ್ಲ."

ಗೊಂಗ್‌ನ ಕತ್ತಿನ ನರ ಉಬ್ಬಿತು. "ನಮ್ಮೂರ ಕಡೆ ಜಪಾನಿನವರು ನಸುಕಿನಲ್ಲಿ ಬಂದು ಬಿದ್ದಾಗ ನೀನೂ ಅಲ್ಲೇ ಇದ್ದೆ ಲುವಾನ್. ಬಿಸಿನೀರಲ್ಲಿ ಕಾಲು ತೊಳ್ಕೊಂಡು ಹಾಯಾಗಿ ಮಲಗಿದ್ರು ನಮ್ಮವರು. ಜೋಡು ಹುಡುಕೋಷ್ಟರಲ್ಲಿ ಮುಗ್ದೇ ಹೋಯ್ತು. ನನ್ನ ತಮ್ಮನ್ನ ನಾನು ಬರಿಗಾಲಲ್ಲೇ ಹೂತೆ. ನೆನಪಿದೆಯಾ?"

"ನೆನಪಿದೆ. ನಾನೂ ಮಣ್ಣು ಹಾಕಿದ್ದೆ. ಅಲ್ಲಿ ಬಂದೋರು ಜಪಾನಿನವರು, ಇಲ್ಲಿ ಬಂದಿರೋದು ಚಳಿ. ಸರದಿ ಮೇಲೆ ಬಿಚ್ಚಲಿ ಕಮಾಂಡರೇ. ಅರ್ಧ ಜನ ಜೋಡು ಹಾಕ್ಕೊಂಡು ಎಚ್ಚರ ಇರಲಿ, ಅರ್ಧ ಜನ..."

"ಪಿಸ್ತೂಲು ಕೊಡು."

ಲುವಾನ್ ಸೊಂಟದ ಪಟ್ಟಿ ಬಿಚ್ಚಿ ಪಿಸ್ತೂಲಿನ ಸಮೇತ ಜಗಲಿಯ ಅಂಚಿಗಿಟ್ಟ.

"ಇವತ್ತಿನಿಂದ ಅಡುಗೆಯವರ ಜೊತೆ ಬಾಣಲೆ ಹೊರು. ಕಂಪನಿ ನಿನ್ನ ಕೈಕೆಳಗಿನವನು ನೋಡ್ಕೋತಾನೆ," ಎಂದ ಗೊಂಗ್. ಹುಡುಗರ ಕಡೆ ತಿರುಗಿ, "ಹಾಕ್ಕೊಳ್ಳಿ!" ಎಂದು ಗುಡುಗಿದ.

ಹಾಕಿಕೊಂಡರು. ಹುಲ್ಲು ಇನ್ನೂ ಅರ್ಧ ಹಸಿ ಇತ್ತು. ಅತ್ತೆ ತಡೆಯಲು ಹೋದರು, ಲುವಾನನೇ ಅವರ ತೋಳು ಹಿಡಿದು ನಿಲ್ಲಿಸಿದ. ಚೂ ಜೋಡಿನ ಹಗ್ಗ ಬಿಗಿಯುತ್ತಾ ತಗ್ಗಿದ ದನಿಯಲ್ಲಿ, "ಬಾಣಲೆ ಹೊತ್ರೂ ನೀವೇ ನಮ್ಮ ನಾಯಕರು. ಆದ್ರೆ ಗಂಜೀಲಿ ಕಲ್ಲು ಸಿಕ್ರೆ ದೂರು ಕೊಡೋನು ನಾನೇ," ಎಂದ.

ಆಮೇಲೆ ಕೆಲವೇ ದಿನಗಳಲ್ಲಿ ಅವರು ಹೊಳೆ ದಾಟಿದರು. ಆಚೆ ದಡದ ರಸ್ತೆಯಲ್ಲಿ ಸರ್ಕಾರದ ಸೈನ್ಯದ ಲಾರಿಗಳು ಬರುವುದಿತ್ತು. ರಸ್ತೆಯ ಪಕ್ಕದ ಇಳಿಜಾರಿನಲ್ಲಿ, ಬೆನ್ನ ಮೇಲೆ ಬಿಳಿ ಬಟ್ಟೆ ಹೊದ್ದು, ಹಿಮದಲ್ಲಿ ಹೊಟ್ಟೆಯ ಮೇಲೆ ಮಲಗಿ ಕಾಯಬೇಕು. ಅಲುಗಬಾರದು. ಬೆಂಕಿ ಇಲ್ಲ, ಕೆಮ್ಮೂ ಇಲ್ಲ. ಲಾರಿಗಳು ಸಂಜೆಗೆ ಬರಬೇಕಿತ್ತು. ಬಂದದ್ದು ಮರುದಿನ ಬಿಸಿಲೇರಿದ ಮೇಲೆ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಲುವಾನ್ ಹೇಳಿದ್ದು. ಬೆಳಕು ಹರಿಯುವ ಹೊತ್ತಿಗೆ ಅವನು ಜೋಳದ ರೊಟ್ಟಿಗಳನ್ನು ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡು, ಸಾಲಿನುದ್ದಕ್ಕೂ ತೆವಳುತ್ತಾ ಒಬ್ಬೊಬ್ಬರ ಕೈಗೂ ಒಂದೊಂದು ಕೊಡುತ್ತಾ ಹೋದ. ಮೊದಲಿನವರು ತೆಗೆದುಕೊಂಡರು. ಚೂ ತೆಗೆದುಕೊಳ್ಳಲಿಲ್ಲ. "ಏಯ್ ಬೆಳ್ಳುಳ್ಳಿ, ಇದರಲ್ಲಿ ಕಲ್ಲಿಲ್ಲ, ತಿನ್ನು," ಎಂದು ಲುವಾನ್ ಅವನ ಕಿವಿಯ ಹತ್ತಿರ ಪಿಸುಗುಟ್ಟಿದನಂತೆ. ಆಮೇಲೆ ಕೆನ್ನೆ ಮುಟ್ಟಿ ನೋಡಿದನಂತೆ. ಅವನಿಂದಾಚೆ ಇದ್ದವರಲ್ಲೂ ಹಲವರು ಹಾಗೇ. ಕಣ್ಣು ರಸ್ತೆಯ ಮೇಲೆ, ಬೆರಳು ಬಂದೂಕಿನ ಕುದುರೆಯ ಮೇಲೆ. ಲುವಾನ್ ಕೂಗುವಂತಿರಲಿಲ್ಲ, ಅಳುವಂತಿರಲಿಲ್ಲ. ಚೂನ ಬೆರಳುಗಳನ್ನು ಬಿಡಿಸಿ, ಮೆಷಿನ್‌ಗನ್ನನ್ನು ತನ್ನ ಕಡೆ ಎಳೆದುಕೊಂಡು ಅಲ್ಲೇ ಪಕ್ಕದಲ್ಲಿ ಮಲಗಿದ. ಸೀಟಿ ಊದಿದಾಗ ಗುಂಡು ಹಾರಿಸಿದವನು ಆ ಬಾಣಲೆ ಹೊರುವವನೇ.

ನಮ್ಮವರು ಗೆದ್ದರು. ಲಾರಿಗಳು ಸಿಕ್ಕವು, ಹಿಟ್ಟು ಸಿಕ್ಕಿತು.

ಸತ್ತವರು ಜಾರುಬಂಡಿಯ ಮೇಲೆ ನಮ್ಮ ಹಳ್ಳಿಗೆ ಬಂದರು. ನೆಲ ಕಬ್ಬಿಣದಂತಾಗಿರುವಾಗ ಗುಂಡಿ ತೋಡಲಾಗುವುದಿಲ್ಲ. ವಸಂತದಲ್ಲಿ ಮಣ್ಣು ಮೆತ್ತಗಾಗುವವರೆಗೆ ಹೆಣಗಳನ್ನು ಜೋಳದ ದಂಟು ಮುಚ್ಚಿ ಇಡುತ್ತೇವೆ. ಹೊರಗೆ ಸತ್ತವರನ್ನು ಊರೊಳಗೆ ತರಬಾರದೆಂಬ ನಿಯಮವೂ ನಮ್ಮಲ್ಲಿದೆ. ಊರ ಹಿರಿಯ ಜಾರುಬಂಡಿಗಳನ್ನು ಬೇಲಿಯ ಹತ್ತಿರವೇ ತಡೆದ. ಅತ್ತೆ ಹೋಗಿ ಎತ್ತಿನ ಮೂಗುದಾರಕ್ಕೆ ಕೈ ಹಾಕಿದರು.

"ಇವರು ಹೋಗಿದ್ದು ನನ್ನ ಮನೆಯಿಂದ. ಬರೋದೂ ನನ್ನ ಮನೆಗೇ. ಅಪಶಕುನ ಆಗೋದಿದ್ರೆ ನನಗೇ ಆಗ್ಲಿ, ದಾರಿ ಬಿಡಯ್ಯಾ!"

ನಮ್ಮ ಕಣದಲ್ಲೇ ಅವರನ್ನು ಸಾಲಾಗಿ ಮಲಗಿಸಿದೆವು.

ಇಷ್ಟೇ ಆಗಿದ್ದರೆ ಅತ್ತು ಮುಗಿಸುತ್ತಿದ್ದೆವು. ಆದರೆ ಮೇಲಿನ ಡಿವಿಜನ್ನಿಗೆ ಕಳಿಸುವ ವರದಿಯಲ್ಲಿ ಗೊಂಗ್ ಇವರನ್ನು ಯುದ್ಧದಲ್ಲಿ ಮಡಿದವರ ಜೊತೆ ಸೇರಿಸಲಿಲ್ಲ. ಗುಂಡು ತಾಗಿದವರು ಹುತಾತ್ಮರು. ಇವರು "ಸ್ವಂತ ಅಜಾಗರೂಕತೆಯಿಂದ ಚಳಿಗೆ ಸತ್ತವರು". ಹುತಾತ್ಮನ ಮನೆಯ ಬಾಗಿಲಿಗೆ ಕೆಂಪು ಹಲಗೆ ಹೊಡೆಯುತ್ತಾರೆ, ಅವನ ಹೊಲವನ್ನು ಊರಿನವರು ಉತ್ತು ಕೊಡುತ್ತಾರೆ. ಅಜಾಗರೂಕತೆಯಿಂದ ಸತ್ತವನ ತಾಯಿಗೆ ಮಗನೂ ಇಲ್ಲ, ಎತ್ತೂ ಇಲ್ಲ, ಮೇಲಿಂದ ನಾಚಿಕೆ ಬೇರೆ.

ಲುವಾನ್ ಡಿವಿಜನ್ನಿಗೆ ಒಂದು ಕಾಗದ ಬರೆದ. ಇವರು ಆದೇಶ ಪಾಲಿಸಿ, ಶತ್ರುವಿನ ಮುಂದೆ, ಆಯುಧ ಹಿಡಿದೇ ಸತ್ತರು. ಇವರನ್ನು ಹುತಾತ್ಮರೆಂದೇ ಬರೆದುಕೊಳ್ಳಬೇಕು ಎಂದು. ಆದರೆ ರೆಜಿಮೆಂಟಿನ ಮುದ್ರೆ ಇಲ್ಲದೆ ಬಾಣಲೆ ಹೊರುವವನ ಕಾಗದವನ್ನು ಟಪಾಲು ಒಯ್ಯುವ ಸವಾರ ಚೀಲಕ್ಕೆ ಹಾಕಿಕೊಳ್ಳುವುದಿಲ್ಲ. ಲುವಾನ್ ಅದನ್ನು ಟೋಪಿಯೊಳಗಿಟ್ಟುಕೊಂಡು ದಿನವೂ ಗೊಂಗ್‌ಗೆ ಗಂಜಿ ಬಡಿಸುವಾಗ ಕೇಳುತ್ತಿದ್ದ.

"ಕಮಾಂಡರೇ, ಮುದ್ರೆ."

"ಗಂಜಿ ಬಡಿಸು."

"ಮುದ್ರೆ ಒತ್ತಿ ಕಮಾಂಡರೇ."

"ಚಳಿಗೆ ಸತ್ತೋರಿಗೂ ಹಾರ ಹಾಕಿದ್ರೆ ನಾಳೆ ಯಾವನು ತನ್ನ ಕಾಲು ತಾನು ನೋಡ್ಕೊಳ್ತಾನೆ? ಬಡಿಸು ಅಂದೆ."

ಹೊಸ ವರ್ಷದ ಹಬ್ಬ ಬಂದು ಹೋಯಿತು. ಕಾಗದ ಟೋಪಿಯಲ್ಲೇ ಇತ್ತು, ಬೆವರಿಗೆ ಅಂಚು ಹಳದಿಯಾಗಿತ್ತು.

ನಮ್ಮ ಹಳ್ಳಿಯ ಹೆಂಗಸರಿಗೆಲ್ಲ ಸೈನ್ಯಕ್ಕೆ ಜೋಡು ಹೊಲಿಯುವ ಕೆಲಸ ಇತ್ತು. ಒಂದು ಮಧ್ಯಾಹ್ನ ಎಲ್ಲರೂ ನಮ್ಮ ಮನೆಯಲ್ಲಿ ಕೂತು ದಬ್ಬಳ ಚುಚ್ಚುತ್ತಿರುವಾಗ ಗಾಣದ ಮನೆಯ ಸೊಸೆ, "ಆ ಕಾಗದ ಹೋಗೋವರೆಗೂ ಒಂದು ಜೋಡೂ ಕೊಡಬಾರದು. ಆ ಕಮ್ಮಾರ ಬರಿಗಾಲಲ್ಲಿ ಹೊಳೆ ದಾಟ್ಲಿ!" ಎಂದಳು. ನನಗೆ ಹೊಟ್ಟೆ ತಣ್ಣಗಾಯಿತು. ಎಲ್ಲರೂ ಹೂಂ ಎಂದೆವು. ಹೊಲಿದದ್ದನ್ನೆಲ್ಲ ಮೂಟೆ ಕಟ್ಟಿ ಹುಳಿ ಎಲೆಕೋಸಿನ ಗುಡಾಣದ ಹಿಂದೆ ಬಚ್ಚಿಟ್ಟೆವು.

ಲುವಾನನಿಗೆ ಹೇಗೋ ಗೊತ್ತಾಯಿತು. ನಮ್ಮನ್ನು ಹೊಗಳುತ್ತಾನೆಂದುಕೊಂಡಿದ್ದೆ. ಒಳಗೆ ಬಂದವನೇ ಮೂಟೆಯನ್ನು ಎಳೆದು ಹೊಸ್ತಿಲ ಮೇಲೆ ಕುಕ್ಕಿದ.

"ಬರಿಗಾಲಲ್ಲಿ ಹೋಗೋದು ಅವನಲ್ಲ ಅತ್ತಿಗೆ, ನನ್ನ ಹುಡುಗರು! ಅವನೊಬ್ಬ ನನ್ನವರ ಕಾಲಿನ ಮೇಲೆ ಆಟ ಆಡಿದ್ದು ಸಾಲದಾ? ನೀವೂ ಆಡ್ತೀರಾ?"

ಅವನ ಬಾಯಲ್ಲಿ ಅಷ್ಟು ಜೋರು ಮಾತನ್ನು ನಾನು ಆವರೆಗೆ ಕೇಳಿರಲಿಲ್ಲ. ಗಾಣದ ಮನೆಯವಳು ಅಳಲು ಶುರುಮಾಡಿದಳು. ಜೋಡುಗಳು ಅಂದೇ ಹೋದವು.

ಕೊನೆಗೆ ಇದನ್ನು ತೀರ್ಮಾನಕ್ಕೆ ತಂದವರು ಅತ್ತೆ, ಅದೂ ಬೇಕೆಂದು ಮಾಡಿದ್ದಲ್ಲ. ಸತ್ತವನು ಮೃಗದ ಚರ್ಮ ತೊಟ್ಟು ಮಣ್ಣಿಗೆ ಹೋಗಬಾರದು, ಹೋದರೆ ಮೃಗವಾಗಿ ಹುಟ್ಟುತ್ತಾನೆ ಎನ್ನುತ್ತೇವೆ. ಆ ಹುಡುಗರ ಕಾಲಲ್ಲಿ ಇನ್ನೂ ಚರ್ಮದ ಊಲಾ ಜೋಡುಗಳೇ ಇದ್ದವು. ಅತ್ತೆ ಅವರಿಗೆಂದು ಬಟ್ಟೆಯ ಜೋಡು ಹೊಲಿದು, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಹಿಡಿದು ಕಣಕ್ಕೆ ಹೋದರು. ಬಿಸಿಲಿತ್ತು, ಆದರೆ ಬಿಸಿ ಇರಲಿಲ್ಲ. ನಾನೂ ಲುವಾನನೂ ದಂಟು ಸರಿಸಿದೆವು. ಮೊದಲು ಸಿಕ್ಕಿದವನು ಚೂ. ಅತ್ತೆ ಅವನ ಕಾಲ ಬಳಿ ಕೂತು ಚರ್ಮ ಕತ್ತರಿಸತೊಡಗಿದರು.

ಯಾರೋ ಹೇಳಿರಬೇಕು, ಗೊಂಗ್ ಬಂದ.

"ಕತ್ತರಿಸಬೇಡಿ ದೊಡ್ಡಮ್ಮ. ಚರ್ಮ ಎಲ್ಲಿ ಸಿಗುತ್ತೆ ಈಗ? ಬದುಕಿರೋರಿಗೆ ಬೇಕು ಈ ಜೋಡು."

"ಬೇಕಾದ್ರೆ ಬಿಚ್ಚಿಕೊಳ್ಳಿ," ಎಂದು ಅತ್ತೆ ಕತ್ತರಿ ಕೆಳಗಿಟ್ಟು ಸರಿದು ಕೂತರು.

ಗೊಂಗ್ ಮೊಣಕಾಲೂರಿ ಚೂನ ಜೋಡು ಹಿಡಿದು ಎಳೆದ. ಬರಲಿಲ್ಲ. ಸಲಿಕೆಯಂಥ ಎರಡೂ ಕೈ ಹಾಕಿ ಎಳೆದ. ಜೋಡು ಬರಲಿಲ್ಲ, ಜೋಡಿನ ಜೊತೆ ಇಡೀ ಚೂ ಮರದ ತುಂಡಿನಂತೆ ಹಿಮದ ಮೇಲೆ ಜಾರಿ ಅವನ ಮಡಿಲ ಹತ್ತಿರ ಬಂದ.

"ಬರಲ್ಲ," ಎಂದ ಲುವಾನ್. "ಅವನು ಇನ್ನೂ ನಿಮ್ಮ ಆದೇಶ ಪಾಲಿಸ್ತಿದ್ದಾನೆ."

ಗೊಂಗ್ ಕೈಬಿಟ್ಟ. ಅವನ ಮುಖದಲ್ಲಿ ನಾನು ಆಗ ಕಂಡದ್ದು ಸಿಟ್ಟೇ. ಎದ್ದು ಲುವಾನನಿಗೆ ಹೊಡೆಯುತ್ತಾನೆಂದುಕೊಂಡೆ. ಏಳಲು ಹೋದ, ಒಂದು ಪಾದ ಊರಿದ, ಅದು ನಿಲ್ಲಲಿಲ್ಲ. ಪಕ್ಕಕ್ಕೆ ವಾಲಿ ಕಣದ ಕಲ್ಲುರುಳಿಗೆ ಭುಜ ಬಡಿದು ಕೂತುಬಿಟ್ಟ. ಮತ್ತೆ ಏಳಲು ನೋಡಿದ. ಆಗಲೂ ಹಾಗೇ.

ಅತ್ತೆ ಅವನ ಪಾದವನ್ನೇ ನೋಡುತ್ತಿದ್ದರು. "ಜೋಡು ಬಿಚ್ಚು," ಎಂದರು. ಅದುವರೆಗೆ ಅವನಿಗೆ ಅವರು ಬಹುವಚನ ಬಿಟ್ಟು ಮಾತಾಡಿರಲಿಲ್ಲ.

"ಬಿಚ್ಚಲ್ಲ. ಆದೇಶ ನನಗೂ ಅನ್ವಯ ಆಗುತ್ತೆ."

"ಯಾವಾಗಿಂದ ಬಿಚ್ಚಿಲ್ಲ?"

ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಅತ್ತೆ ಕೇಳಿಕೊಂಡು ಕೂರುವವರಲ್ಲ. ಅವನ ಕಾಲನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು ಹಗ್ಗಕ್ಕೆ ಕತ್ತರಿ ಹಾಕಿದರು. ಜೋಡಿನೊಳಗಿಂದ ಹುಲ್ಲು ಪಾದದ ಅಚ್ಚಿನ ಗಡ್ಡೆಯಾಗಿ ಹೊರಗೆ ಬಂತು. ಅದರ ಹಿಂದೆಯೇ ಬೆರಳುಗಳು ಕಂಡವು, ಸುಟ್ಟ ಬದನೆಕಾಯಿಯ ತುದಿಯಂತೆ ಕಪ್ಪಗೆ. ವಾಸನೆಗೆ ನಾನು ಮುಖ ತಿರುಗಿಸಿದೆ.

ನನಗೆ ಮರುಕ ಬಂತೇ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಇಲ್ಲ. ಇನ್ನೂ ಹೆಚ್ಚು ಸಿಟ್ಟು ಬಂತು. ತನ್ನ ಕಾಲು ಕೊಳೆಯುತ್ತಿರುವುದು ತನಗೇ ಗೊತ್ತಿದ್ದೂ ಆದೇಶ ಬದಲಿಸದವನನ್ನು ಏನೆನ್ನಬೇಕು? ತಾನೂ ನೋಯುತ್ತಿದ್ದೇನೆ, ಹಾಗಾಗಿ ತಾನು ಮಾಡಿದ್ದು ಸರಿ ಎಂದುಕೊಂಡಿದ್ದ ಆ ಮನುಷ್ಯ. ಅವನು ನೊಂದದ್ದರಿಂದ ಚೂನ ಕಾಲಿಗೆ ಏನು ಬಂತು?

ಅತ್ತೆ ಆ ಹುಲ್ಲಿನ ಗಡ್ಡೆಯನ್ನು ಅವನ ಮುಂದೆ ಹಿಡಿದರು. "ಇದು ಯಾರ ಅಜಾಗರೂಕತೆಯಪ್ಪಾ? ನೋಡ್ಕೊಳ್ಳೋಕೆ ಆಗ್ಲಿಲ್ವಾ ನಿನಗೆ ನಿನ್ನ ಕಾಲು? ನಾಳೆ ನೀನು ಸತ್ರೆ ನಿಮ್ಮವ್ವನಿಗೆ ಹಾಗೇ ಬರೀಲಾ? ನಿನ್ನ ಮಗ ಬೇಜವಾಬ್ದಾರಿ, ಅವನ ತಪ್ಪಿಂದ ಅವನೇ ಸತ್ತ, ಅಂತ? ಹೇಳೋ! ಈ ಹುಡುಗನ ತಾಯಿಗೆ ಬರೆಯೋಕೆ ನಿನಗೆ ಕೈ ಬಂತಲ್ಲ!"

ಗೊಂಗ್ ತನ್ನ ಬೆರಳುಗಳನ್ನೇ ನೋಡುತ್ತಿದ್ದ, ಯಾರದೋ ಬೆರಳೆಂಬಂತೆ. ಆಮೇಲೆ ಕೈ ಚಾಚಿದ.

"ಕಾಗದ ಕೊಡು."

ಲುವಾನ್ ಟೋಪಿ ತೆಗೆದು ಕಾಗದ ಕೊಟ್ಟ. ಗೊಂಗ್ ಕಲ್ಲುರುಳಿಗೆ ಒರಗಿಯೇ ಒಂದೊಂದೇ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದ. ಲುವಾನ್ ಬರೆದದ್ದರಲ್ಲಿ ಏನನ್ನೂ ಹೊಡೆಯಲಿಲ್ಲ. ಸೀಸದ ಕಡ್ಡಿಯನ್ನು ನಾಲಿಗೆಗೆ ಮುಟ್ಟಿಸಿ ಕೆಳಗೆ ಒಂದು ಸಾಲು ಸೇರಿಸಿ, ತನ್ನ ಹೆಸರು ಬರೆದು, ಗಟ್ಟಿಯಾಗಿ ಓದಿದ: "ಜೋಡು ಬಿಚ್ಚಬಾರದೆಂಬ ಆದೇಶ ನನ್ನದು. ಇವರು ಅದನ್ನು ಪಾಲಿಸಿ ಯುದ್ಧದಲ್ಲಿ ಮಡಿದರು." ಆಮೇಲೆ ತನ್ನ ಜೊತೆ ಬಂದಿದ್ದ ಕಾವಲಿನವನಿಗೆ, "ಎಲ್ಲಾ ಕಂಪನಿಗಳಿಗೂ ಹೇಳು. ಸರದಿ ಮೇಲೆ ಬಿಚ್ಚಿ ಒಣಗಿಸಲಿ," ಎಂದು ಹೇಳಿ ಕಳಿಸಿದ.

"ಲುವಾನ್, ಕಂಪನಿ ಮತ್ತೆ ನಿನ್ನದೇ."

"ಯಾವ ಕಂಪನಿ?" ಎಂದ ಲುವಾನ್, ಸಾಲಾಗಿ ಮಲಗಿದ್ದವರ ಕಡೆ ಕೈ ತೋರಿಸಿ. "ಇದಾ?"

ಗೊಂಗ್ ಜೇಬಿನಿಂದ ಮುದ್ರೆ ತೆಗೆದ. ಕೆಂಪು ಮಸಿ ಡಬ್ಬಿಯಲ್ಲಿ ಕಲ್ಲಾಗಿತ್ತು. ಅದನ್ನು ಬಾಯಿ ಹತ್ತಿರ ಹಿಡಿದು ಹಾ, ಹಾ ಎಂದು ಉಸಿರು ಬಿಟ್ಟ. ಮಸಿ ಮೆತ್ತಗಾಗಲಿಲ್ಲ. ಲುವಾನ್ ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡು ತನ್ನ ಕಂಕುಳಲ್ಲಿ ಇಟ್ಟುಕೊಂಡ. ನಾವು ನಾಲ್ವರೂ ಅಲ್ಲೇ, ಆ ಹುಡುಗರ ನಡುವೆ ಕಾದೆವು. ಮಸಿ ಕರಗಿದ ಮೇಲೆ ಗೊಂಗ್ ತನ್ನ ಹೆಸರಿನ ಮೇಲೇ ಮುದ್ರೆ ಒತ್ತಿದ.

ಲುವಾನ್ ಕಾಗದ ಒಣಗುವವರೆಗೂ ಗಾಳಿಗೆ ಹಿಡಿದು, ಮಡಚಿ, ತಾನೇ ಊರ ಬಾಗಿಲಿಗೆ ಹೋದ. ನಾನು ಹಿಂದೆಯೇ ಹೋದೆ. ಸವಾರ ಕುದುರೆಯ ಮೂಗಿನ ಮಂಜು ಒರೆಸುತ್ತಿದ್ದ. ಮುದ್ರೆಯನ್ನು ಎರಡು ಸಲ ನೋಡಿದ, ಲುವಾನನ ಮುಖವನ್ನು ಒಂದು ಸಲ ನೋಡಿದ, ಕಾಗದವನ್ನು ಚೀಲಕ್ಕೆ ಹಾಕಿ ಕುದುರೆ ಹತ್ತಿದ.

"ಉಳುಮೆ ಶುರುವಾಗೋ ಮೊದಲು ಮುಟ್ಟಬೇಕು," ಎಂದ ಲುವಾನ್. "ಕೇಳಿಸ್ತಾ? ಉಳುಮೆಗೆ ಮೊದಲು!"

ಸವಾರ ಆಗಲೇ ಬಡಗಣ ದಾರಿ ಹಿಡಿದಿದ್ದ.